ಮಾದನ ಧೈರ್ಯಕ್ಕೆ ಐದು ಅಂಕ

ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಮಂಜಿನ ಗಡಿ ಇದೆಯಲ್ಲ, ಈಚೆಗೆ ನನ್ನ ವಾಸ ಅಲ್ಲೇ. ನಮ್ಮ ಹಟ್ಟಿಯ ಮೇಲೆ ಮೋಡ ಇಳಿದು ಎದುರುಮನೆಯ ಗೋಡೆ ಕರಗಿಹೋದರೆ ಸಾಕು, ಆ ಬಿಳುಪಿನೊಳಗೆ ಮೊದಲು ಎರಡು ದಂತ ಕಾಣಿಸುತ್ತವೆ. ಆಮೇಲೆ ಕಿವಿ. ಆಮೇಲೆ ಯಾವ ಅವಸರವೂ ಇಲ್ಲದೆ ಉಳಿದ ಆನೆ. ಕಣ್ಣುಜ್ಜಿ ನೋಡಿದರೆ ಅದು ಪಕ್ಕದ ಮನೆಯವರು ಒಣಗಲು ಹಾಕಿದ ಕಂಬಳಿ. ಬಿ.ಎ. ಪಾಸಾದವನು ಕಂಬಳಿಗೆ ಹೆದರಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಎದೆಗೆ ಮಾತ್ರ ಅದು ಕೇಳಿಸುವುದಿಲ್ಲ.

ಇದಕ್ಕೆಲ್ಲ ಮೂಲ ನಾನು ಮದರಾಸಿನಲ್ಲಿ ಓದಿದ ಮನಶ್ಶಾಸ್ತ್ರ. ಮನುಷ್ಯನ ಸ್ವಭಾವವೆಂದರೆ ಹಲವು ಗುಣಗಳ ಕಟ್ಟು, ಒಂದೊಂದು ಗುಣವೂ ಒಂದು ಅಳತೆಕೋಲು, ಅದರ ಮೇಲೆ ಪ್ರತಿಯೊಬ್ಬನೂ ಎಲ್ಲೋ ಒಂದು ಕಡೆ ನಿಂತಿರುತ್ತಾನೆ ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಅವನನ್ನು ಬಲ್ಲವರನ್ನು ಬೇರೆ ಬೇರೆಯಾಗಿ ಕೇಳಿ, ಧೈರ್ಯಕ್ಕಿಷ್ಟು, ತಾಳ್ಮೆಗಿಷ್ಟು ಎಂದು ಐದರೊಳಗೆ ಅಂಕ ಹಾಕಿಸಿ, ಸರಾಸರಿ ತೆಗೆದರೆ ಆಯಿತು, ಮನುಷ್ಯ ಕೈಗೆ ಸಿಕ್ಕಿದ. ಗುಣವೆಂಬುದು ಸ್ಥಿರ, ಇಂದು ಧೀರನಾದವನು ನಾಳೆಯೂ ಧೀರ. ಹೊರಗೆ ಸಮುದ್ರದ ಗಾಳಿ ಬೀಸುತ್ತಿತ್ತು. ಪಂಖಾ ಎಳೆಯುವವನು ತೂಕಡಿಸುತ್ತಿದ್ದ, ನಾನೂ ತೂಕಡಿಸುತ್ತಿದ್ದೆ. ಅರೆಗಣ್ಣಿನಲ್ಲೇ ಶ್ರದ್ಧೆಗೆ ಅವನಿಗೆ ಎರಡು ಅಂಕ ಹಾಕಿದೆ. ನನಗೆ ಮೂರು.

ಬೆಟ್ಟಕ್ಕೆ ಮರಳಿದ ಮೇಲೆ ಈ ವಿದ್ಯೆಗೆ ಕೆಲಸ ಬಂದದ್ದು ತಂಗಿ ನಂಜಿಯ ಮದುವೆಯ ಮಾತಿನಲ್ಲಿ. ಗಂಡು ಮಸಿನಗುಡಿಯ ಕಡೆಯ ಮಾದ. ಕಾಡಿನಂಚಿನಲ್ಲಿ ರಾಗಿ ಬೆಳೆಯುವವರ ಮನೆ. ಕತ್ತಲಾದರೆ ಮೋಯಾರ್ ಹೊಳೆಯ ಕಡೆಯಿಂದ ಆನೆಗಳು ನೆಂಟರಂತೆ ಬರುವ ಜಾಗ. ಅವ್ವೆ ತೀರಿಕೊಂಡ ಮೇಲೆ ನಾನು ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿಯನ್ನು ಅಂಥಲ್ಲಿಗೆ ಕಳಿಸುವುದಾದರೆ, ಗಂಡನಾಗುವವನ ಧೈರ್ಯ ಎಷ್ಟೆಂದು ತಿಳಿಯಬೇಡವೇ?

ತಿಳಿಯಲು ನಮ್ಮವರಲ್ಲಿ ಹಳೆಯ ಪದ್ಧತಿಯೊಂದಿದೆ. ಹೆಣ್ಣು ಗಂಡಿನ ಮನೆಗೆ ಹೋಗುತ್ತಾಳೆ, ಹೊಳೆಯಿಂದ ನೀರು ತರುತ್ತಾಳೆ, ಅವರ ಜೊತೆ ಉಂಡು ಕೆಲವು ದಿನ ಇದ್ದು ನೋಡುತ್ತಾಳೆ. ಹಿಡಿಸದಿದ್ದರೆ ತಿರುಗಿ ಬರುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ನನಗೋ ಇದನ್ನು ಕಾಲೇಜಿನ ಗೆಳೆಯರಿಗೆ ಹೇಳಲೂ ನಾಚಿಕೆ. ಅಳತೆ ಮಾಡಿಯೇ ತೀರುವೆನೆಂದಾಗ ಹೆತ್ತೆ, ಅಂದರೆ ನಮ್ಮಜ್ಜಿ, ಒಲೆಯ ಮುಂದಿನಿಂದ ನಕ್ಕಳು. "ಅಂಕ ನೋಡಿ ಬಾಳುವೆ ಮಾಡ್ಪದುಂಟಾ ಮಗ? ಹೆಣ್ಣು ಹೋಗಿ ಇದ್ದು ನೋಡಲಿ."

ನಾನು ಕೇಳಲಿಲ್ಲ. ಘಟ್ಟ ಇಳಿದು ಮಾದನ ನೆರೆಯವರನ್ನು ಒಬ್ಬೊಬ್ಬರಾಗಿ ಕಂಡೆ. ಮೊದಲು ಸಿಕ್ಕ ಅಜ್ಜ ನನ್ನ ಪ್ರಶ್ನೆಗಳನ್ನು ಕೇಳಿ, "ನೀ ಹೆಣ್ಣು ಕೊಡುದಾ, ಎತ್ತು ಕೊಂಬುದಾ? ಹಲ್ಲನ್ನೂ ಎಣಿಸು ಮತ್ತ" ಅಂದ. ಆದರೂ ಉತ್ತರ ಕೊಟ್ಟ. ಧೈರ್ಯಕ್ಕೆ ಐದು. ತಾಳ್ಮೆಗೆ ಐದು. ಉತ್ತರ ತಾಳೆಯಾಗುತ್ತದೋ ನೋಡಲು ನಾನು ಕೋಪವನ್ನೂ ಪುಕ್ಕಲುತನವನ್ನೂ ಬೇರೆಯಾಗಿ ಕೇಳಿದ್ದೆ. ಅವಕ್ಕೂ ಐದೈದು.

"ಧೈರ್ಯಕ್ಕೂ ಐದು, ಪುಕ್ಕಲಿಗೂ ಐದು ಹೇಗಜ್ಜ?"

"ನಂಗಳ ಹುಡುಗನಿಗೆ ಒಂದರಲ್ಲಿ ಕಡಿಮೆ ಹೇಳಲಾ? ನಾಳೆ ಅವನ ಅಪ್ಪನ ಮುಖ ನೋಡುದೆಂತು?"

ಉಳಿದವರೂ ಹಾಗೆಯೇ. ಗಂಡಿನ ಬಗ್ಗೆ ಕೇಳಿಕೊಂಡು ಬಂದವನಿಗೆ ಐದಕ್ಕಿಂತ ಕಡಿಮೆ ಹೇಳುವುದು ನೆಂಟನಿಗೆ ಅರ್ಧ ತಟ್ಟೆ ಬಡಿಸಿದಂತೆ. ನಾನು ಪುಕ್ಕಲುತನದ ಅಂಕಗಳನ್ನು ತಪ್ಪೆಂದು ತೆಗೆದುಹಾಕಿ, ಧೈರ್ಯದ ಅಂಕಗಳನ್ನು ಸರಿಯೆಂದು ಉಳಿಸಿಕೊಂಡೆ. ಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿದೆಯೋ ಇಲ್ಲವೋ, ಆ ಪಾಠದ ದಿನ ನಾನು ನಿದ್ದೆಯಲ್ಲಿದ್ದೆ.

ಹೀಗೆ ನಂಜಿ ಹೊರಟಳು, ಜೊತೆಗೆ ನಾನೂ. ಕರೆದೊಯ್ಯಲು ಮಾದನೇ ಎತ್ತಿನ ಗಾಡಿ ತಂದಿದ್ದ. ಸೀಗೂರು ಘಟ್ಟ ಇಳಿದಂತೆಲ್ಲ ಚಳಿ ಒಂದೊಂದೇ ಪದರವಾಗಿ ಮೈಯಿಂದ ಕಳಚಿಕೊಳ್ಳುತ್ತದೆ. ಒಣ ಬಿದಿರಿನ ವಾಸನೆ, ಬೆಚ್ಚನೆಯ ಧೂಳು, ಗಾಡಿಯ ತೂಗು. ನಂಜಿ ಹಿಂದೆ ಮೂಟೆಗಳ ನಡುವೆ ಕುಳಿತಿದ್ದಳು. ನಾನು ಮುಂದೆ ಮೂಕಿಯ ಮೇಲೆ ಮಾದನ ಪಕ್ಕದಲ್ಲಿ ಕುಳಿತು ಕನಸಿಗೆ ಜಾರುತ್ತಿದ್ದೆ. ಘಟ್ಟದ ಕೆಳಗೊಂದು ತಿರುವಿನಲ್ಲಿ ಎತ್ತುಗಳು ನಿಂತವು. ಮುಂದೆ ರಸ್ತೆ ಇರಲಿಲ್ಲ. ಇದ್ದದ್ದು ಒಂಟಿ ಆನೆ.

ಸದ್ದೇ ಇಲ್ಲ. ಇವತ್ತಿಗೂ ನನ್ನನ್ನು ಕಾಡುವುದು ಆ ಸದ್ದಿಲ್ಲದಿರುವಿಕೆ. ಅಷ್ಟು ದೊಡ್ಡದು ಅಷ್ಟು ಮೆತ್ತಗೆ ಬಂದು, ಕಿವಿ ಬೀಸುತ್ತ, ನಮ್ಮನ್ನು ಯೋಚಿಸಿ ನೋಡುತ್ತಿತ್ತು. ಮಾದ ಹಗ್ಗವನ್ನು ನನ್ನ ಕಾಲ ಮೇಲೆ ಎಸೆದು ಗಾಡಿಯಿಂದ ಜಿಗಿದು ಓಡಿದ. ಅವನ ಬೆನ್ನು ಬಿದಿರಿನೊಳಗೆ ಮಾಯವಾದದ್ದನ್ನು ನಾನು ಕಂಡೆ. ಐದು ಅಂಕ ಓಡಿಹೋಯಿತು ಎಂಬ ಯೋಚನೆ ಬಂತು, ದೇವರಾಣೆ. ಆಮೇಲೆ ಏನೋ ಕೂಗು, ಗಾಡಿಯ ಅದುರು, ಮೂಗಿನ ಹತ್ತಿರ ಬಿಸಿಯುಸಿರು. ಸಾವಧಾನವಾಗಿ ಸುತ್ತ ನೋಡಿದಾಗ ಆನೆ ಹೆತ್ತೆ ಕಳಿಸಿದ್ದ ಉಪ್ಪಿನ ಮೂಟೆಯನ್ನು ಸೊಂಡಿಲಲ್ಲಿ ಹಿಡಿದು ಇಳಿಜಾರಿನಲ್ಲಿ ಹೋಗುತ್ತಿತ್ತು. ನಂಜಿ ದೂರದ ಬಂಡೆಯ ಹಿಂದೆ ಇದ್ದಳು. ಮಾದ ಅಲ್ಲೇ ನಿಂತು ಏದುಸಿರು ಬಿಡುತ್ತಿದ್ದ. ನಾನು ಕುಳಿತಲ್ಲೇ ಇದ್ದೆ. ಓಡದೆ ಎತ್ತುಗಳನ್ನು ಹಿಡಿದು ನಿಲ್ಲಿಸಿದ ವೀರನೆಂದು ಮಸಿನಗುಡಿಯಲ್ಲಿ ನನಗೆ ಹಾಲು ಕೊಟ್ಟರು. ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು ಎನ್ನಲು ಹೋದೆ. ವಿನಯಕ್ಕೂ ಐದು ಅಂಕ ಸಿಕ್ಕಿತು.

ಮರುದಿನವೇ ನಂಜಿಯನ್ನು ಕರೆದುಕೊಂಡು ಹಿಂದಿರುಗಬೇಕೆಂದು ನಿಶ್ಚಯಿಸಿದೆ. ಆದರೆ ಹಿಂದಿರುಗುವ ದಾರಿ ಅದೇ ತಿರುವಿನ ಮೇಲೆ ಹೋಗುತ್ತದೆ. ನಾಳೆ ಹೋದರಾಯಿತು, ಬಿಸಿಲೇರಲಿ, ಯಾರಾದರೂ ಜೊತೆಯಾಗಲಿ ಎನ್ನುತ್ತ ದಿನಗಳು ಕಳೆದವು. ಇದ್ದು ನೋಡಲು ಬಂದವಳು ನಂಜಿ, ಇದ್ದೇಬಿಟ್ಟವನು ನಾನು. ಮಾದನ ತಾಯಿ ಬಡಿಸುವಾಗ, "ಹೆಣ್ಣಿಗಿಂತ ಹೆಣ್ಣಿನ ಅಣ್ಣನಿಗೇ ನಂಗಳ ಮನೆ ಹಿಡಿಸಿತು" ಎಂದು ನಗುತ್ತಿದ್ದಳು.

ಒಂದು ಬೆಳಗ್ಗೆ ನೀರು ಹೊತ್ತು ಬರುತ್ತಿದ್ದ ನಂಜಿಯನ್ನು ಅಡ್ಡಗಟ್ಟಿ ಹೇಳಿದೆ: "ಮಾದನಿಗೆ ಧೈರ್ಯದಲ್ಲಿ ಸೊನ್ನೆ. ನಿನ್ನನ್ನು ಬಿಟ್ಟು ಓಡಿದವನು. ಹೊರಡು."

ಅವಳು ಕೊಡ ಇಳಿಸಲಿಲ್ಲ. "ಓಡಿದ್ದು ನೀ ಕಂಡೆ, ನಾನೂ ಕಂಡೆ. ತಿರುಗಿ ಬಂದದ್ದು ಕಂಡಿಲ್ಲೆಯಾ?"

"ತಿರುಗಿ ಬಂದನಾ?"

"ಅಳುತ್ತ ಬಂದ ಅಣ್ಣ. ಕೂಸಿನ ಹಾಗೆ ಗೊಳೋ ಎಂದು ಅಳುತ್ತ, ಆನೆ ನಿನ್ನ ಮುಂದೆ ನಿಂತಿರುವಾಗಲೇ, ಹಿಂದಿನಿಂದ ನನ್ನ ಎತ್ತಿ ಹೊತ್ತು ಬಂಡೆಗೆ ಒಯ್ದ. ಮತ್ತೆ ನಿನಗೆ ಇಳಿ ಇಳಿ ಎಂದು ಕೂಗಿದ." ಅವಳು ನನ್ನ ಮುಖ ನೋಡಿದಳು. "ನೀ ಕಣ್ಣು ಮುಚ್ಚಿದ್ದೆ."

ನಾನು ಅಡ್ಡ ನಿಂತಲ್ಲಿಂದ ಸರಿದು ದಾರಿ ಬಿಟ್ಟೆ.

"ಹೆದರಿಕೆ ಇಲ್ಲದವನು ಈ ಕಾಡಲ್ಲಿ ಬಾಳುಕಾಗದು. ಮೊದಲು ಅವನನ್ನೇ ಆನೆ ತುಳಿವದು," ಎಂದಳು ನಂಜಿ. "ನಾ ಇಲ್ಲೇ ಇಪ್ಪೆ. ಹೆತ್ತೆಗೆ ಹೇಳು. ಇನ್ನೊಂದು ಮೂಟೆ ಉಪ್ಪೂ ಕಳಿಸಲಿ." ಕೊಡ ತುಳುಕಿಸದೆ ಒಳಗೆ ಹೋದಳು.

ಹೊರಡಲೇಬೇಕಾಯಿತು. ಘಟ್ಟದ ತಲೆಯವರೆಗೆ ಜೊತೆಗೆ ಬರುವೆನೆಂದು ಮಾದ ತಾನಾಗಿ ಎದ್ದ. ನನ್ನನ್ನು ಮುಟ್ಟಿಸಿ ಅವನು ಒಬ್ಬನೇ ಇಳಿಯಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಅವನು ಗಂಟಲೆತ್ತಿ ರಾಗಿಯ ವಿಷಯ ಮಾತಾಡಿದ. ರಾಗಿಯ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಬೇಕಾದದ್ದು ಏನೂ ಇಲ್ಲ. ಆ ತಿರುವಿನ ಹತ್ತಿರ ಬಿದಿರು ಲಟಕ್ಕೆಂದಿತು. ಮಾದನ ಮಾತು ನಿಂತಿತು. ನಾವು ಒಬ್ಬರ ಕೈ ಒಬ್ಬರು ಹಿಡಿದಿದ್ದೆವು. ಯಾರು ಮೊದಲು ಹಿಡಿದದ್ದೋ ತಿಳಿಯದು. ಹಿಡಿದ ಕೈ ನಡುಗುತ್ತಿತ್ತು. ಅದರಲ್ಲಿ ಅವನದೆಷ್ಟು, ನನ್ನದೆಷ್ಟು ಎಂದು ತಿಳಿಯಲು ಕೈ ಬಿಟ್ಟು ನೋಡಿದ್ದರೆ ಸಾಕಿತ್ತು. ಘಟ್ಟದ ತಲೆ ಮುಟ್ಟುವವರೆಗೂ ನಾನು ಬಿಡಲಿಲ್ಲ.