ಮಾವನ ಗಾಲ್ಫ್ ಪ್ಯಾಂಟು

ಬಸವೇಶ್ವರನಗರದ ಇತಿಹಾಸದಲ್ಲಿ ಗಾಲ್ಫ್ ಡ್ರೆಸ್ ಹಾಕಿಕೊಂಡು ಬೀದಿಗಿಳಿದ ಮೊಟ್ಟಮೊದಲ ವ್ಯಕ್ತಿ ನಮ್ಮ ಸೋದರಮಾವ. ದೇವರ ದಯೆಯಿದ್ದರೆ ಕಟ್ಟಕಡೆಯ ವ್ಯಕ್ತಿಯೂ ಅವರೇ! ಅವರು ಗಾಲ್ಫ್ ಆಡುತ್ತಿದ್ದರೇ ಎಂದು ಮಾತ್ರ ಕೇಳಬೇಡಿ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫೋರ್‌ಮನ್ ಆಗಿದ್ದು ರಿಟೈರಾದ ಮನುಷ್ಯ. ಅವರು ಕಂಡ ಅತಿ ದೊಡ್ಡ ಹುಲ್ಲುಹಾಸು ಎಂದರೆ ಮನೆ ಹಿಂದಿನ ಪಾರ್ಕಿನದು. ಅದರಲ್ಲೂ ‘ಹುಲ್ಲಿನ ಮೇಲೆ ನಡೆಯಬಾರದು’ ಎಂದು ಬೋರ್ಡು ಹಾಕಿದ್ದರು.

ಮಾವನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೆ ಸಾರನ್ನಕ್ಕೂ ಮಜ್ಜಿಗೆ ಅನ್ನಕ್ಕೂ ನಡುವೆ ಎದ್ದು ಹೋಗಿ ಗೇಟಿನ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತಾರೆ. ಹಗಲು ಹೊತ್ತಿನಲ್ಲಿ ಯಾರು ಬರುತ್ತಾರೆ ಅಂತ? ಯಾರೂ ಇಲ್ಲ! ಆದರೂ ನೋಡಿ ಬರಬೇಕು.

ಇದರ ಜೊತೆಗೆ ಇನ್ನೊಂದು ಹುಚ್ಚು. ಅವರು ಅಂಗಡಿಗಳನ್ನು ನಂಬುವುದಿಲ್ಲ. “ಏನೇ ಆದ್ರೂ ಮೂಲದಿಂದ ತರ್ಬೇಕು ಕಣೇ. ಮಧ್ಯದಲ್ಲಿ ಇರೋರೆಲ್ಲಾ ಬರೀ ಕೈ ಬದಲಾಯಿಸ್ತಾರೆ ಅಷ್ಟೇ” ಎನ್ನುವುದು ಅವರ ವೇದಾಂತ. ಕಾಫಿ ಬೀಜಕ್ಕೆ ಚಿಕ್ಕಮಗಳೂರು, ಬೆಲ್ಲಕ್ಕೆ ಮಂಡ್ಯದ ಆಲೆಮನೆ. ಒಮ್ಮೆ ಅಚ್ಚಿನಿಂದ ಆಗಷ್ಟೇ ತೆಗೆದ ಬೆಲ್ಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ್ದರು. ಕೆಂಗೇರಿ ಬರುವಷ್ಟರಲ್ಲಿ ಬೆಲ್ಲ ಪ್ಯಾಂಟಿಗೆ, ಪ್ಯಾಂಟು ಸೀಟಿಗೆ ಅಂಟಿಕೊಂಡು, ಕಂಡಕ್ಟರು ಮತ್ತು ಇಬ್ಬರು ಪ್ರಯಾಣಿಕರು ಸೇರಿ ಅವರನ್ನು ಕಿತ್ತು ಇಳಿಸಿದರು. ಮದುವೆಯಲ್ಲೂ ಇದೇ ಕಥೆ. ಬ್ರೋಕರನ್ನು ಬಿಟ್ಟು ತಾವೇ ಹುಡುಗಿಯ ಮನೆ ಬಾಗಿಲು ತಟ್ಟಿ, “ನಿಮ್ಮ ಮಗಳನ್ನ ನನಗೆ ಕೊಡ್ತೀರಾ?” ಎಂದಿದ್ದರಂತೆ. ಅತ್ತೆಯ ಅಪ್ಪ ಗಾಬರಿಯಲ್ಲಿ ಹೂಂ ಅಂದುಬಿಟ್ಟರಂತೆ.

ಆ ಅತ್ತೆಗೆ ಒಂದು ದಿನ ಸ್ಟ್ರೋಕ್ ಆಯಿತು. ಸ್ವಲ್ಪ ದಿನಕ್ಕೆ ಮಾತು ವಾಪಸ್ಸು ಬಂತು, ಮಾವನನ್ನು ಬೈಯುವ ಶಕ್ತಿ ಅದಕ್ಕಿಂತ ಮುಂಚೆಯೇ ಬಂತು. ಆದರೆ ಎಡಗಾಲು ಎಳೆಯುತ್ತಿತ್ತು, ಎಡಗೈಯ ಬೆರಳು ಮಡಚಿಕೊಂಡಿದ್ದವು. “ದಿನಾ ನಡೆಸಿ. ಇಲ್ಲಾಂದ್ರೆ ಕಾಲು ಹೀಗೇ ಬಿಗಿದು ಹೋಗುತ್ತೆ” ಎಂದರು ಡಾಕ್ಟರು. ಅತ್ತೆ ಗೇಟು ದಾಟಲು ಒಪ್ಪಲೇ ಇಲ್ಲ. ಸಂಕ್ರಾಂತಿ ಬಂದರೆ ಇಡೀ ರಸ್ತೆಗೆ ಎಳ್ಳು ಬೀರಿ ಬರುತ್ತಿದ್ದ ಹೆಂಗಸು, ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹಾಲ್‌ನಲ್ಲೇ ಕೂತುಬಿಟ್ಟರು.

“ಎಲ್ರೂ ನನ್ನ ಕಾಲೇ ನೋಡ್ತಾರೆ ಕಣೇ. ಅಯ್ಯೋ ಪಾಪ ಅಂತಾರೆ. ಆ ಪಾಪ ನಂಗೆ ಬೇಡ” ಎನ್ನುತ್ತಿದ್ದರು. ನಾನು ಬೇಡಿಕೊಂಡೆ, ಜಗಳ ಆಡಿದೆ, ಎರಡು ದಿನ ಮಾತೂ ಬಿಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ಒಂದು ಭಾನುವಾರ ನಾನು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಮಾವ ರಿಮೋಟು ಒತ್ತುತ್ತಾ ಒತ್ತುತ್ತಾ ಯಾವುದೋ ಗಾಲ್ಫ್ ಪಂದ್ಯಕ್ಕೆ ಬಂದು ನಿಂತರು. ಆಟಗಾರನೊಬ್ಬ ಗಿಳಿಹಸಿರು ಪ್ಯಾಂಟು ತೊಟ್ಟಿದ್ದ. ಅತ್ತೆ ಎಷ್ಟೋ ದಿನಗಳ ಮೇಲೆ ಕಿಸಕ್ಕನೆ ನಕ್ಕರು. “ಆ ಪ್ಯಾಂಟ್ ಹಾಕ್ಕೊಂಡ್ರೆ ಅವನ ಆಟ ಯಾರ್ರೀ ನೋಡ್ತಾರೆ?” ಎಂದರು. ಮಾವ ನಗಲಿಲ್ಲ. ಎದ್ದು ಹೋಗಿ ಗೇಟಿನ ಚಿಲಕ ನೋಡಿ ಬಂದರು.

ಮಾರನೆಯ ದಿನ ವಿಜಯನಗರದ ನಮ್ಮ ಮನೆಗೆ ಹಾಜರ್! ಆಗಷ್ಟೇ ಬ್ರಾಡ್‌ಬ್ಯಾಂಡ್ ಹಾಕಿಸಿದ್ದ ತಪ್ಪಿಗೆ ನಾನು ಸಿಕ್ಕಿಬಿದ್ದೆ.

“ಪುಟ್ಟೀ, ಕಂಪ್ಯೂಟರ್ ಹಾಕು. ಗಾಲ್ಫ್ ಹುಟ್ಟಿದ್ದು ಎಲ್ಲಿ?”

“ಸ್ಕಾಟ್ಲೆಂಡ್ ಇರಬೇಕು. ಯಾಕೆ ಮಾವ?”

“ಅಲ್ಲಿನ ಕಂಪನಿಯಿಂದ ನೇರವಾಗಿ ಪ್ಯಾಂಟ್ ತರಿಸ್ಬೇಕು. ನಿನ್ನ ಕಾರ್ಡ್ ತೆಗಿ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಚಿಕ್ಕಪೇಟೆಗೆ ಹೋಗಿ ಮಾವ, ಬೇಕಾದಷ್ಟು ಪ್ಯಾಂಟ್ ಸಿಗುತ್ತೆ!” ಎಂದೆ.

“ಅಲ್ಲಿರೋದೆಲ್ಲಾ ಮರ್ಯಾದಸ್ಥರ ಬಣ್ಣ ಕಣೇ” ಎಂದರು.

ಕಂಪನಿಯ ಪುಟ ತೆರೆದುಕೊಳ್ಳುವಷ್ಟರಲ್ಲಿ ಅವರು ನಾಲ್ಕು ಸಲ ಎದ್ದು ನಮ್ಮ ಗೇಟನ್ನೂ ಪರೀಕ್ಷಿಸಿ ಬಂದರು. ನಾನು ನೇವಿ ಬ್ಲೂ ತೋರಿಸಿದೆ. “ಇದು ಕಾಣಿಸಲ್ಲ.” ಬೂದು ಬಣ್ಣ ತೋರಿಸಿದೆ. “ಇದಂತೂ ಇದ್ದೂ ಇಲ್ಲದ ಹಾಗೆ.” ಕೊನೆಗೆ ಹಳದಿಯ ಮೇಲೆ ಹಸಿರು, ಕಿತ್ತಳೆ ಚೌಕಳಿಯ ಪ್ಯಾಂಟೊಂದು ಬಂತು. ನನಗೆ ಕಣ್ಣು ಕುಕ್ಕಿತು, ಅವರಿಗೆ ಮುಖ ಅರಳಿತು. “ಇದು ಎಷ್ಟು ದೂರದಿಂದ ಕಾಣಿಸಬಹುದು?” ಎಂದು ಕೇಳಿದರು. “ಮಾಗಡಿ ರೋಡಿನಿಂದ!” ಎಂದೆ ಸಿಟ್ಟಿನಲ್ಲಿ. “ಸಾಕು, ಇದನ್ನೇ ಹಾಕು” ಎಂದರು. ಜೊತೆಗೆ ಕಿತ್ತಳೆ ಟೀ ಶರಟು, ಬಿಳಿ ಟೋಪಿ, ಗ್ಲೌಸು.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ದಿನಾ ನಾನು ಪಾಠ ಮಾಡುವ ಕಾಲೇಜಿಗೆ ಫೋನು. ನಾನು ಸ್ಟಾಫ್ ರೂಮಿನಿಂದ ಪಿಸುಗುಡಬೇಕು.

“ಎಲ್ಲಿಗೆ ಬಂತಂತೆ?”

“ಲಂಡನ್ನಲ್ಲಿದೆಯಂತೆ ಮಾವ.”

“ನಿನ್ನೇನೂ ಅಲ್ಲೇ ಇತ್ತಲ್ಲೇ! ಅಲ್ಲೇನ್ ಮಾಡ್ತಾ ಇದೆ?”

ಒಂದು ದಿನ ನನಗೆ ತಡೆಯಲಾಗಲಿಲ್ಲ. “ಅಲ್ಲಿ ಅತ್ತೆ ಕಾಲು ದಿನದಿಂದ ದಿನಕ್ಕೆ ಬಿಗೀತಾ ಇದೆ, ನಿಮಗೆ ಪ್ಯಾಂಟಿನ ಚಿಂತೆ! ನಾಚಿಕೆ ಆಗಲ್ವಾ?” ಎಂದು ರೇಗಿದೆ. ಮಾವ “ಬರ್ಲಿ ಇರು” ಎಂದಷ್ಟೇ ಹೇಳಿ ಫೋನಿಟ್ಟರು.

ಅಂತೂ ಪಾರ್ಸೆಲ್ ಬಂತು. ಒಳಗೆ ಎಲ್ಲವೂ ಇತ್ತು, ಗ್ಲೌಸು ಮಾತ್ರ ಒಂದೇ. ಅದೂ ಎಡಗೈಯದು! ಮಾವ ಕೆಂಡಾಮಂಡಲ. “ಮೂಲದವರೇ ಹಿಂಗೆ ಮಾಡಿದ್ರೆ ಹೆಂಗೆ? ಬರಿ ಈಗಲೇ: ಮಾನ್ಯರೇ, ಭಾರತದಲ್ಲಿ ನಮಗೆ ಎರಡು ಕೈಗಳಿವೆ.” ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಇ-ಮೇಲ್ ಹಾಕಿದೆ. ಕಂಪನಿಯವರಿಂದ ಬಲು ವಿನಯದ ಉತ್ತರ ಬಂತು. ಬಲಗೈಯಲ್ಲಿ ಆಡುವವರು ಎಡಗೈಗೆ ಮಾತ್ರ ಗ್ಲೌಸು ಹಾಕುವುದು ಆಟದ ರೂಢಿಯಂತೆ. ಆದರೂ ಗಿರಾಕಿಯ ಮನಸ್ಸು ನೋಯಬಾರದೆಂದು ಇನ್ನೊಂದನ್ನು ಪುಕ್ಕಟೆ ಕಳಿಸುತ್ತಿದ್ದಾರಂತೆ. ಅದೂ ಬಂತು. ಅದೂ ಎಡಗೈಯದೇ!

ಹೊಸ ಬಟ್ಟೆ ಎಂದ ಮೇಲೆ ಅರಿಶಿನ ಹಚ್ಚದೆ ತೊಡುವುದುಂಟೇ? ಅತ್ತೆ ಪ್ಯಾಂಟಿನ ಅಂಚಿಗೆ ಅರಿಶಿನ ಹಚ್ಚಿದರು. ಹಳದಿಯಲ್ಲಿ ಹಳದಿ ಕಾಣಲಿಲ್ಲ. ಕುಂಕುಮ ಇಟ್ಟರು, ಅದು ಕಿತ್ತಳೆ ಚೌಕದೊಳಗೆ ಮಾಯವಾಯಿತು. “ದೇವರಿಗೂ ಈ ಪ್ಯಾಂಟ್ ಮೇಲೆ ಜಾಗ ಇಲ್ವಲ್ರೀ!” ಎಂದು ನಗತೊಡಗಿದರು. ಮಾವ ತೊಟ್ಟುಕೊಂಡು ಹೊರಗೆ ಬಂದರು. ನಾನು ಮುಖ ಮುಚ್ಚಿಕೊಂಡೆ.

“ನಡಿ, ಪಾರ್ಕಿಗೆ” ಎಂದರು ಅತ್ತೆಗೆ.

“ನಿಮ್ಮ ಜೊತೆ ಬಂದ್ರೆ ನನ್ನ ಮಾನ ಹೋಗುತ್ತೆ!”

“ನಂದು ಆಗಲೇ ಹೋಗಿದೆ. ಒಬ್ಬನೇ ಹೋದ್ರೆ ನಾಯಿಗಳು ಬಿಡಲ್ಲ. ಬಾರೇ.”

ಅಷ್ಟಂದವರು ಮಂಡಿಯೂರಿ ಕೂತು, ಅತ್ತೆಯ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡನೆಯ ಗ್ಲೌಸನ್ನು ತೊಡಿಸಿದರು. ತಮ್ಮ ಎಡಗೈಗೆ ಇನ್ನೊಂದು. “ಯೂನಿಫಾರಂ” ಎಂದರು. ಅತ್ತೆ ನಗುತ್ತಲೇ ಎದ್ದು ನಿಂತರು. ಮಾವ ಗೇಟಿನ ಚಿಲಕ ತೆಗೆದರು.

ಹಿಂದೆ ಹಿಂದೆ ನಾನು, ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ. ಸೊಪ್ಪಿನ ಗಾಡಿಯವಳು ಕಟ್ಟು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಬೈಕಿನ ಮೇಲೆ ಕೂತಿದ್ದ ಹುಡುಗರು “ಮಗಾ, ಅಂಕಲ್ ನೋಡೋ!” ಎಂದರು. ಪಾರ್ಕಿನಲ್ಲಿ ಒಬ್ಬರು “ಏನ್ ಸಾರ್, ಶೂಟಿಂಗಾ?” ಎಂದು ಕೇಳಿಯೇಬಿಟ್ಟರು. “ಹೌದು ಸಾರ್, ನಾನೇ ಹೀರೋ” ಎಂದರು ಮಾವ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹತ್ತಿರ ಹೋಗಿ, “ಮಾವ, ಸಾಕು ಮನೆಗೆ ನಡೀರಿ, ಎಲ್ರೂ ನಿಮ್ಮನ್ನೇ ನೋಡ್ತಾ ಇದಾರೆ!” ಎಂದು ಹಲ್ಲು ಕಚ್ಚಿ ಹೇಳಿದೆ.

“ನನ್ನನ್ನೇ ತಾನೇ?” ಎಂದರು ಮಾವ, ಮೆಲ್ಲಗೆ. “ಅವಳ ಕಾಲನ್ನ ಯಾರಾದ್ರೂ ನೋಡಿದ್ರಾ, ಹೇಳು?”

ತಿರುಗಿ ನೋಡಿದೆ. ಅತ್ತೆ ಕಾಲೆಳೆದುಕೊಂಡು, ಸೆರಗಿನಿಂದ ಹೊರಬಂದ ಬಿಳಿ ಗ್ಲೌಸಿನ ಕೈ ಆಡಿಸುತ್ತಾ ನಡೆಯುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಮಾವನ ಮೇಲೆ ರೇಗಿದ್ದೆಲ್ಲ ನೆನಪಾಗಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ದಿನಾ ಹೋದರು. ಆದರೆ ನಮ್ಮ ಜನ ಎಂಥದಕ್ಕೂ ಒಗ್ಗಿಕೊಳ್ಳುವವರಲ್ಲವೇ? ಮಳೆಗಾಲ ಮುಗಿಯುವಷ್ಟರಲ್ಲಿ ಆ ಪ್ಯಾಂಟನ್ನು ಯಾರೂ ತಿರುಗಿ ನೋಡದಂತಾಯಿತು. ಮಾವನಿಗೆ ಮತ್ತೆ ಚಡಪಡಿಕೆ. ಹಾಲ್‌ನಲ್ಲಿ ಶತಪಥ ಹಾಕುತ್ತಾ, “ಪುಟ್ಟೀ, ಆ ಕಂಪನೀಲಿ ಕೆಂಪು ಇದೆಯಾ ನೋಡು. ಪೂರ್ತಿ ಕೆಂಪು. ಇದು ಇನ್ನು ನಡೆಯಲ್ಲ” ಎಂದರು.

ಅತ್ತೆ ಚಪ್ಪಲಿ ಮೆಟ್ಟುತ್ತಿದ್ದರು. “ಯಾವ ಪ್ಯಾಂಟೂ ಬೇಡ ಕಣ್ರೀ” ಎಂದರು. “ಆವತ್ತು ಟಿವಿ ನೋಡ್ತಾ ನಾನಂದಿದ್ದನ್ನೇ ಹಿಡ್ಕೊಂಡು ಇಷ್ಟೆಲ್ಲಾ ಮಾಡಿದ್ರಿ ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು. ಸಾಕು. ಇನ್ಮೇಲೆ ನೋಡೋರು ನನ್ನ ಕಾಲೇ ನೋಡ್ಲಿ ಬಿಡಿ. ನೀವು ಪಂಚೆ ಉಟ್ಕೊಂಡು ಬನ್ನಿ.”

ಮಾವ ಇದ್ದಲ್ಲೇ ನಿಂತರು. ಅವರು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅತ್ತೆ ಕಾಯಲಿಲ್ಲ. ಕಾಲೆಳೆಯುತ್ತಾ ಒಬ್ಬರೇ ಗೇಟಿನವರೆಗೆ ಹೋಗಿ, ತಿಣುಕಾಡುತ್ತಾ, ಚಿಲಕ ತೆಗೆದರು. ಎಡಗೈಯಿಂದ.