ಭಾವನ ಅಂಗೈಯಗಲದ ಜೆಟ್ ಎಂಜಿನ್

ನನ್ನ ಭಾವ ಇದುವರೆಗೆ ವಿಮಾನ ಹತ್ತಿದವರಲ್ಲ. ಹತ್ತಿಸುತ್ತೇವೆಂದರೂ ಒಲ್ಲೆ ಎನ್ನುತ್ತಾರೆ. "ಒಳಗೆ ಕೂತ್ರೆ ಎಂಜಿನ್ ಕಾಣೂದಿಲ್ವಲ್ಲ!" ಎಂಬುದು ಅವರ ತಕರಾರು. ಇಂಥವರಿಗೆ ಅಕ್ಕನನ್ನು ಕೊಟ್ಟ ನಮ್ಮ ಅಂಕೋಲೆಯ ಹಿರಿಯರಿಗೆ ಏನೆನ್ನಬೇಕು ಹೇಳಿ?

ಕಾರವಾರದ ಬಂದರಿನಲ್ಲಿ ಮೀನು ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವರು ಭಾವ. ಈಗಲಾದರೂ ತಣ್ಣಗೆ ಮನೆಯಲ್ಲಿ ಕೂರಬಾರದೆ? ಮೊಬೈಲಿನಲ್ಲಿ ಯಾರೋ ಆಟದ ವಿಮಾನಕ್ಕೆ ಪುಟ್ಟ ಜೆಟ್ ಎಂಜಿನ್ ಕಟ್ಟಿದ್ದನ್ನು ನೋಡಿದ್ದೇ ನೋಡಿದ್ದು, ಕೋಡಿಬಾಗದ ಮನೆಯ ಹಿತ್ತಿಲಲ್ಲಿ ತಗಡಿನ ಮಾಡು ಎದ್ದಿತು. ಮುಂದಿನ ಚಕ್ರ ಗಾಳಿ ಎಳೆದು ಒತ್ತಬೇಕು, ನಡುವೆ ಸೀಮೆಎಣ್ಣೆ ಉರಿಯಬೇಕು, ಆ ಬಿಸಿಗಾಳಿ ನುಗ್ಗುವ ರಭಸಕ್ಕೆ ಹಿಂದಿನ ಚಕ್ರ ತಿರುಗಿ ಮುಂದಿನದನ್ನೂ ತಿರುಗಿಸಬೇಕು. ಹೇಳಲು ಇಷ್ಟೇ!

ಮುಂದಿನ ಚಕ್ರ ಗುಜರಿಗೆ ಬಿದ್ದ ಲಾರಿಯ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ ಬಂತು. ಹಿಂದಿನದನ್ನು ಭಾವನೇ ಅರ ಹಿಡಿದು ಉಜ್ಜಿ ಉಜ್ಜಿ ಮಾಡಿದರು. ನಡುವಿನ ಉರಿಗೂಡು ಎಲ್ಲಿಂದ ಬಂತೆನ್ನುವುದು, ಅಕ್ಕ ಒಣಸಿಗಡಿ ತುಂಬಿಡಲು ಡಬ್ಬಿ ಹುಡುಕಿದಾಗ ಗೊತ್ತಾಯಿತು.

"ಅಲ್ಲ ಮಾರಾಯ್ರೆ, ನನ್ನ ಸ್ಟೀಲ್ ಡಬ್ಬಿಗೆ ಇಷ್ಟೆಲ್ಲ ತೂತು ಹೊಡ್ದಿರಲ್ಲ, ಇನ್ನು ಇದ್ರಲ್ಲಿ ಎಂತಾ ತುಂಬೂದು?"

"ಗಾಳಿ," ಎಂದರು ಭಾವ.

ಮೊದಲ ಎಂಜಿನ್ ಹೊತ್ತಿಕೊಂಡಿತು, ತಿರುಗಲಿಲ್ಲ. ಬೆಂಕಿ ಮಾತ್ರ ಚಿಮ್ಮಿ, ಒಣಹಾಕಿದ್ದ ಅಕ್ಕನ ಸೀರೆಯ ಸೆರಗನ್ನು ನೆಕ್ಕಿತು. ಎರಡನೆಯ ಎಂಜಿನ್ ತಿರುಗಿತು, ಬೇರಿಂಗ್ ಸುಟ್ಟುಕೊಂಡಿತು. ಅದರ ನಂತರದ್ದರ ಚಕ್ರ ಚೂರುಚೂರಾಗಿ ತಗಡನ್ನೇ ತೂರಿಕೊಂಡು ಹೋಯಿತು!

"ಬಾಯೇ, ಎಂತಾಯ್ತೇ? ಯುದ್ಧ ಶುರುವಾಯ್ತಾ?" ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು.

"ಇಲ್ವೇ, ನಮ್ಮನೆಯವ್ರೇ," ಎಂದಳು ಅಕ್ಕ. ಅಷ್ಟು ಹೇಳಿ ಅಡಿಗೆಮನೆಗೆ ಹೋಗಿ ಅತ್ತಳು. ಒಂದು ಚೂರು ಭಾವನ ತಲೆಯ ಪಕ್ಕದಲ್ಲೇ ಹಾದುಹೋಗಿತ್ತು.

ಬುದ್ಧಿ ಹೇಳಲು ನಾನು ಅಂಕೋಲೆಯಿಂದ ಬಸ್ಸು ಹತ್ತಿ ಓಡಿದೆ. ಭಾವ ಒಡೆದ ಚಕ್ರವನ್ನು ಜೋಡಿಸುತ್ತ ಕೂತಿದ್ದರು.

"ಸಾಕು ಮಾಡಿ ಭಾವ. ಅಕ್ಕ ಹೆದ್ರಿ ಹೋಗಿದ್ದಾಳೆ."

"ಇಷ್ಟು ವರ್ಷ ಊರವ್ರ ಎಂಜಿನ್ನೇ ಎಬ್ಬಿಸ್ತಾ ಬಂದೆ ತಮ್ಮಾ. ನಂದು ಅಂತ ಒಂದಾದ್ರೂ ಹಾಡ್ಬೇಕು. ಅದು ಹ್ಯಾಂಗೆ ಹಾಡ್ತದೆ ಗೊತ್ತಿದ್ಯಾ ನಿಂಗೆ? ಏರ್ತಾ ಏರ್ತಾ ಕಡಿಗೆ ಸಿಳ್ಳೆ ಆಗ್ತದಂತೆ!"

ಬುದ್ಧಿ ಹೇಳಲು ಹೋದವನು ಚಕ್ರ ಹಿಡಿದುಕೊಂಡು ಕೂತೆ. ನನ್ನ ಬಾಳು ನೋಡಿ!

ಈ ಸಲ ಮಳೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ, ಹೊಸ ಎಂಜಿನ್ ಎದ್ದೇ ಬಿಟ್ಟಿತು. ಅಕ್ಕ, ನಾನು ಗೋಡೆಯ ಹಿಂದೆ ನಿಂತಿದ್ದೆವು. ಸದ್ದು ಏರಿತು, ಏರಿತು, ಹರಿತವಾದ ಸಿಳ್ಳೆಯಾಯಿತು. ತೆಂಗಿನ ಮರದ ಕಾಗೆಗಳೆಲ್ಲ ಹಾರಿಹೋದವು. ಅಕ್ಕ ಕಿವಿ ಮುಚ್ಚಿಕೊಂಡೇ ನಗತೊಡಗಿದಳು. ನಾನು ಕುಣಿದೆ!

ಭಾವ ಸೀಮೆಎಣ್ಣೆ ನಿಲ್ಲಿಸಿ, ಮುಖ ಇಳಿಬಿಟ್ಟು ಬಂದರು. "ಇದೂ ಅಷ್ಟೇ. ಬರೀ ಗಾಳಿ ಬೀಸ್ತದೆ. ಹಾಡಲೇ ಇಲ್ಲ."

ನಾವಿಬ್ಬರೂ ಅವರನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆವು.

ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಬೋಟಿನ ಎಂಜಿನ್ನುಗಳ ಸದ್ದು ವರ್ಷಾನುಗಟ್ಟಲೆ ಬಡಿದು, ಮೇಲಿನ ಸಣ್ಣ ಸ್ವರಗಳು ಭಾವನ ಕಿವಿಗೆ ಬೀಳುವುದಿಲ್ಲ. ದಪ್ಪ ದನಿ ಕೇಳುತ್ತದೆ, ಸಿಳ್ಳೆ ಇಲ್ಲ. ಹೋದದ್ದು ತಿರುಗಿ ಬರುವುದೂ ಇಲ್ಲ.

ಭಾವ ಎಂಜಿನ್ನಿಗೆ ಗೋಣಿಚೀಲ ಹೊದೆಸಿ, ಜಗಲಿಯಲ್ಲಿ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ. ಆಗ ಅಕ್ಕನೇ ಹೋಗಿ ಆ ಚೀಲ ಎಳೆದು ಬಿಸಾಡಿದಳು.

"ಬನ್ನಿ, ಎಬ್ಬಿಸಿ ಇದನ್ನ."

ಎಂಜಿನ್ ಎದ್ದಿತು. ಅಕ್ಕ ಭಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವರ ಕಿವಿಗೆ ಬಾಯಿ ಹಚ್ಚಿ, "ಹೂಂ..." ಎಂದು ತನ್ನ ದಪ್ಪ ದನಿಯಲ್ಲಿ ಶುರುಮಾಡಿದಳು. ಎಂಜಿನ್ ಏರಿದ ಹಾಗೆ ಅವಳೂ ಏರಿಸಿದಳು. ಭಾವ ಕಣ್ಣು ಮುಚ್ಚಿದ್ದರು.

"ಇನ್ನೂ ಏರ್ತದಾ?"

"ಏರ್ತಾ ಇದೆ, ತಡೀರಿ," ಎಂದು ಅಕ್ಕ ಮತ್ತೆ ಉಸಿರು ಎಳೆದುಕೊಂಡಳು.