ಅಧ್ಯಕ್ಷರನ್ನು ಇಳಿಸುವ ಕಲೆ

ಒಬ್ಬ ಕುರ್ಚಿಯಲ್ಲಿ ಕೂತ ತಕ್ಷಣ ಎದುರಿಗೆ ನಿಂತವನ ಕಾಲು ನೋಯಲು ಶುರುವಾಗುತ್ತದೆ. ನೌಕರಿಯಲ್ಲಿದ್ದಾಗ ಇದನ್ನು ನಮ್ಮ ಹಳ್ಳಿಗಳಲ್ಲಿ ಕಂಡೆ. ನಿವೃತ್ತನಾಗಿ ಮಗಳ ಮನೆ ಸೇರಿದ ಮೇಲೆ ಮೆಲ್ಬರ್ನಿನಲ್ಲೂ ಕಂಡೆ. ನಡುವೆ ಅಷ್ಟು ದೊಡ್ಡ ಸಮುದ್ರವಿದೆ ಅಂತ ಹೊಟ್ಟೆಕಿಚ್ಚೇನೂ ಆರುವುದಿಲ್ಲ.

ನಿಂತವರ ನೋವು

ನಾನು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಿ.ಎ. ಮಾಡಿದ್ದರೂ ನನಗೆ ಸಿಕ್ಕಿದ್ದು ಕೈಯಿಲ್ಲದ ಕುರ್ಚಿ. ಗ್ರಾಮ ಪಂಚಾಯತಿ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದರೆ ಸಭೆ ನಡೆಸುವವರು ನಮ್ಮ ಸಾಹೇಬರು, ಫೈಲು ಹೊತ್ತು ಹಿಂದೆ ಹೋಗುವವನು ನಾನು.

ಹಾಗೆ ಒಂದು ಸಣ್ಣ ಹಳ್ಳಿಗೆ ಹೋದೆವು. ಅಧ್ಯಕ್ಷನೊಬ್ಬನೇ ಕೂತಿದ್ದಾನೆ, ಸದಸ್ಯರು ನಾಪತ್ತೆ! ಯಾರ ಮನಸ್ಸೂ ಬದಲಾಗದಿರಲಿ ಅಂತ, ಆ ಕುರ್ಚಿಯ ಮೇಲೆ ಕಣ್ಣಿಟ್ಟ ಎದುರಾಳಿ ಅವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ವಾರದಿಂದ ತೀರ್ಥಯಾತ್ರೆ ಮಾಡಿಸುತ್ತಿದ್ದ. ಸಭೆಯ ಹೊತ್ತಿಗೆ ಸರಿಯಾಗಿ ಟೆಂಪೋ ಬಂತು. ಇಳಿದವರದೆಲ್ಲ ನುಣ್ಣಗಿನ ತಲೆ. ಯಾರು ಯಾರೆಂದು ಹೆಂಡಿರೇ ಗುರುತು ಹಿಡಿಯಬೇಕು.

"ಅಧ್ಯಕ್ಷರ ಮೇಲೆ ಏನು ಆರೋಪ?" ಸಾಹೇಬರು ಕೇಳಿದರು.

ಒಬ್ಬ ಹಿರಿಯ ಎದ್ದ. "ಆರೋಪ ಏನಿಲ್ಲ ಸ್ವಾಮಿ. ಒಳ್ಳೇ ಮನ್ಸ. ಊರಿಗೆ ನೀರು ತಂದವ್ನೆ."

"ಮತ್ಯಾಕೆ ಇಳಿಸ್ತೀರಿ?"

"ಅವ್ನು ಕೂತು ಎಲ್ಡೂವರೆ ವರ್ಸ ಆಯ್ತು. ನಾವೇನು ನಿಂತೇ ಇರಾದಾ?"

ಸಾಹೇಬರು ಮತಕ್ಕೆ ಹಾಕಿದರು. ಎಲ್ಲರ ಕೈಯೂ ಮೇಲೆದ್ದಿತು. ಅಭ್ಯಾಸಬಲ ನೋಡಿ, ಅಧ್ಯಕ್ಷನೂ ಎತ್ತಿಬಿಟ್ಟ.

ಪಾಯಿಂಟ್ ಕುಕ್ ಪಂಚಾಯತಿ

ಮಗಳ ಮನೆಯಿರುವ ಮೆಲ್ಬರ್ನಿನ ಬಡಾವಣೆ ಪಾಯಿಂಟ್ ಕುಕ್‌ನಲ್ಲಿ ನಮ್ಮಂಥ ಅಜ್ಜಂದಿರ ಒಂದು ಗುಂಪಿದೆ. ವಾರಕ್ಕೊಂದು ಬೆಳಗ್ಗೆ ಅಲ್ಲಿಯ ನಗರಸಭೆ, ಅಂದರೆ ಕೌನ್ಸಿಲ್‌ನವರು ಒಂದು ಹಾಲ್ ಬಿಟ್ಟುಕೊಡುತ್ತಾರೆ. ಅಲ್ಲಿ ಕಾಫಿ, ಹರಟೆ. ಕುರ್ಚಿಗಳೆಲ್ಲ ಮಡಿಸುವ ಪ್ಲಾಸ್ಟಿಕ್ಕಿನವು. ಒಂದಕ್ಕೆ ಮಾತ್ರ ಕೈ ಇದೆ, ಮೆತ್ತೆ ಇದೆ. ಅದು ಅಧ್ಯಕ್ಷರದು. ಅಧ್ಯಕ್ಷರು ಮಂಗಳೂರು ಕಡೆಯ ನಿವೃತ್ತ ಹೆಡ್ಮಾಸ್ಟರು. ಅವರು ಆ ಕುರ್ಚಿಯ ಎರಡೂ ಕೈಗಳ ಮೇಲೆ ತಮ್ಮ ಎರಡೂ ಕೈ ಚಾಚಿ ಕೂತರೆ ನನಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಾಲದ್ದಕ್ಕೆ ಮನೆಯಲ್ಲಿ ಹೆಂಡತಿ. "ನಮ್ಮ ಭಾವನ್ನ ನೋಡ್ರಿ, ಸಿಡ್ನಿಲಿ ಅಲ್ಲಿಯ ನಮ್ಮೋರ ಸಂಘಕ್ಕೆ ಅಧ್ಯಕ್ಷರು. ಅವಿರೋಧ ಆಯ್ಕೆ! ಅಕ್ಕ ಫೋನ್ ಮಾಡಿದಾಗೆಲ್ಲ ಹೇಳ್ತಾಳೆ."

ನನ್ನ ಷಡ್ಡಕ ಎಸ್ಸೆಸ್ಸೆಲ್ಸಿ ಫೇಲು. ಆತ ಅಧ್ಯಕ್ಷ, ನಾನು ಪ್ಲಾಸ್ಟಿಕ್ ಕುರ್ಚಿ! ಅವತ್ತೇ ತೀರ್ಮಾನಿಸಿದೆ. ಹೆಂಡತಿಯ ಕೈಲಿ ಕೋಡುಬಳೆ ಮಾಡಿಸಿ ಒಬ್ಬೊಬ್ಬರ ಮನೆಗೂ ಹೋದೆ. "ಮೇಷ್ಟ್ರು ಒಳ್ಳೆಯವರೇ. ಆದ್ರೆ ಎಷ್ಟು ದಿನ ಅಂತ ಅವರೇ ಕೂರೋದು?" ಹಳ್ಳಿಯ ಆ ಹಿರಿಯ ಕಲಿಸಿದ ಪಾಠ ವ್ಯರ್ಥವಾಗಲಿಲ್ಲ.

ಮುಂದಿನ ಸಭೆಯಲ್ಲಿ ಅವಿಶ್ವಾಸ ಮಂಡಿಸಿ, ಅಧ್ಯಕ್ಷಗಿರಿಗೆ ನನ್ನ ಹೆಸರನ್ನೂ ಸೂಚಿಸಿದೆ. ಎಲ್ಲರೂ ಕೈ ಎತ್ತಿದರು. ಮೇಷ್ಟ್ರಂತೂ ಎರಡೂ ಕೈ ಎತ್ತಿದರು.

"ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಮಾರಾಯ್ರೇ," ಅಂತ ಅಪ್ಪಿಕೊಂಡು, ಹಾಲ್‌ನ ಕೀಲಿಕೈಯ ಜೊತೆ ಇನ್ನೇನೋ ಕೊಟ್ಟರು. ನೋಡಿದೆ. ಪಾತ್ರೆ ಉಜ್ಜುವ ಸ್ಪಂಜು.

ಕೂತವನ ಪಾಡು

ಆಗ ತಿಳಿಯಿತು. ಚಳಿಯಲ್ಲಿ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯಬೇಕು, ಕಾಫಿ ಸೋಸಬೇಕು, ಲೋಟ ತೊಳೆಯಬೇಕು, ನೆಲ ವ್ಯಾಕ್ಯೂಮ್ ಮಾಡಬೇಕು, ಕಸದ ಬಿನ್ ಹೊರಗಿಡಬೇಕು. ಇಷ್ಟಾದ ಮೇಲೆ ಪುರುಸೊತ್ತಿದ್ದರೆ ಆ ಕುರ್ಚಿಯಲ್ಲಿ ಕೂರಬಹುದು. ಮೇಷ್ಟ್ರು ಕಿಟಕಿಯ ಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, "ಅಧ್ಯಕ್ಷರೇ, ಸಕ್ಕರೆ ಸ್ವಲ್ಪ ಕಮ್ಮಿ ಆಯ್ತಲ್ಲ," ಅನ್ನುತ್ತಿದ್ದರು. ಈಗ ನನಗೆ ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೊಟ್ಟೆಕಿಚ್ಚು!

ನನ್ನ ಮೇಲೆ ಅವಿಶ್ವಾಸ ತನ್ನಿ ಅಂತ ಸೂಚ್ಯವಾಗಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ಕಾಫಿ ನೀರು ನೀರು ಮಾಡಿದೆ. ಡಾಕ್ಟರು ಹೇಳಿದ್ದು ಇದೇ ಅಂತ ಹೊಗಳಿದರು. ಕೊನೆಗೆ ನನ್ನ ಮೇಲೆ ನಾನೇ ಮಂಡಿಸಿದೆ. ಎದ್ದದ್ದು ನನ್ನದೊಂದೇ ಕೈ, ಅದೂ ಸೋಪಿನ ನೊರೆ ಸಮೇತ.

ಸಿಡ್ನಿ ಯಾತ್ರೆ

ಉಳಿದದ್ದು ಟೆಂಪೋ ಉಪಾಯ. ಎಲ್ಲರನ್ನೂ ಸಿಡ್ನಿಗೆ ಕರೆದುಕೊಂಡು ಹೋಗುವುದು, ಖುಷಿಪಡಿಸುವುದು, ಒಳ್ಳೆಯ ಗಳಿಗೆ ನೋಡಿ ಬಿಡುಗಡೆ ಕೇಳುವುದು.

ಹೆಂಡತಿ ನಕ್ಕಳು. "ಕುರ್ಚಿ ಉಳಿಸ್ಕೊಳ್ಳೋಕೆ ಯಾತ್ರೆ ಮಾಡಿಸೋರನ್ನ ಕೇಳಿದ್ದೆ. ಕಳ್ಕೊಳ್ಳೋಕೆ ಮಾಡಿಸ್ತಿರೋರು ನೀವೊಬ್ರೇ ಕಣ್ರೀ."

ಹೋದೆವು. ಹಾರ್ಬರಿನಲ್ಲಿ ಫೆರ್ರಿ ಹತ್ತಿಸಿದೆ, ಐಸ್‌ಕ್ರೀಮ್ ತಿನ್ನಿಸಿದೆ. ಮಧ್ಯಾಹ್ನ ಷಡ್ಡಕನ ಸಂಘದ ಹಾಲ್‌ನಲ್ಲಿ ಊಟ. ಉಂಡು ಎಲೆಯಡಿಕೆ ಮೆಲ್ಲುತ್ತಿದ್ದಾಗ, ಇದೇ ಗಳಿಗೆ ಅಂತ ಎದ್ದು ನಿಂತೆ. "ಸ್ನೇಹಿತರೇ, ಒಂದು ಬೇಡಿಕೆ..."

ಮೇಷ್ಟ್ರು ನನಗಿಂತ ಮುಂಚೆ ಎದ್ದರು. "ಇಂಥ ಅಧ್ಯಕ್ಷರು ಎಲ್ಲಿ ಸಿಗ್ತಾರೆ ಮಾರಾಯ್ರೇ? ನಾನು ಸೂಚಿಸ್ತೇನೆ, ಇವರೇ ಆಜೀವ ಅಧ್ಯಕ್ಷರು!" ಚಪ್ಪಾಳೆಯೋ ಚಪ್ಪಾಳೆ.

ಸೋತ ಮುಖ ಹೊತ್ತು ಅಡುಗೆಮನೆಗೆ ಹೋದೆ. ಅಲ್ಲಿ, ಅವಿರೋಧ ಆಯ್ಕೆಯಾದ ನನ್ನ ಷಡ್ಡಕ ಸಿಂಕಿನ ಮುಂದೆ ನಿಂತಿದ್ದಾನೆ, ಮೊಣಕೈವರೆಗೆ ನೊರೆ. ಪಕ್ಕ ಸರಿದು ನನಗೂ ಜಾಗ ಕೊಟ್ಟ. ಇಬ್ಬರು ಅಧ್ಯಕ್ಷರೂ ಕೊರೆಯುವ ತಣ್ಣೀರಿನಲ್ಲಿ ಲೋಟ ತೊಳೆಯಲು ನಿಂತೆವು.

"ಭಾವ, ಇದರಿಂದ ತಪ್ಪಿಸ್ಕೊಳ್ಳೋ ದಾರಿ ಏನಾದ್ರೂ ಗೊತ್ತಾ?"

"ಗೊತ್ತಿದ್ದಿದ್ರೆ ನಾನ್ಯಾಕಯ್ಯಾ ಇಲ್ಲಿ ನಿಂತಿರ್ತಿದ್ದೆ?" ಎಂದು ನಿಟ್ಟುಸಿರು ಬಿಟ್ಟ. ಇನ್ನೊಂದು ಲೋಟ ಎತ್ತಿಕೊಂಡು, ಯಾರಿಗೂ ಕೇಳದ ಹಾಗೆ ಹತ್ತಿರ ಬಗ್ಗಿದ. "ನಿಮ್ಮ ಮೆಲ್ಬರ್ನ್ ಹಾಲ್‌ನ ನಲ್ಲಿಲಿ ಬಿಸಿನೀರು ಬರುತ್ತಂತೆ, ನಿಜವಾ?"

"ಬರುತ್ತೆ ಭಾವ. ಯಾವಾಗ್ಲೂ."

ಅವನ ಮುಖ ಕಪ್ಪಿಟ್ಟಿತು. ಮದುವೆಯಾದಂದಿನಿಂದ ಉರಿಯುತ್ತಿದ್ದ ನನ್ನ ಹೊಟ್ಟೆ, ಆ ತಣ್ಣೀರಿನಲ್ಲಿ ಕೈ ಅದ್ದಿಕೊಂಡೇ, ತಣ್ಣಗಾಯಿತು.